ಕಿಡ್ನಿ ಬಯಾಪ್ಸಿಗೆ ಇಷ್ಟೊಂದು ಬಣ್ಣ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಸ್ಪತ್ರೆಯೊಂದರ ಪೆಥಾಲಜಿ ಲ್ಯಾಬ್‌ನಲ್ಲಿ ಸ್ಲೈಡ್ ಮಾಡುವವನು. ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರ್ ಅಲ್ಲ. ಅವರು ಮೈಕ್ರೋಸ್ಕೋಪಿನಲ್ಲಿ ನೋಡುವ ಗಾಜನ್ನು ತಯಾರು ಮಾಡುವ ಟೆಕ್ನೀಷಿಯನ್. ನನ್ನನ್ನು ಪ್ರಶ್ನೆ ಕೇಳುವವರು ಎರಡು ಥರ. ರಿಪೋರ್ಟ್ ಹಿಡಿದು ಕೌಂಟರ್ ಹತ್ತಿರ ನಿಂತ ರೋಗಿಯ ಮನೆಯವರು ಒಂದು ಕಡೆ, ಟ್ರೈನಿಂಗ್‌ಗೆ ಬಂದ ಡಿಎಂಎಲ್‌ಟಿ (ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ) ಹುಡುಗ ಹುಡುಗಿಯರು ಇನ್ನೊಂದು ಕಡೆ. ಇಬ್ಬರ ಪ್ರಶ್ನೆಗಳನ್ನೂ ಇಲ್ಲಿ ಬೆರೆಸಿದ್ದೇನೆ. ಕೆಮಿಕಲ್ ಮಾತು ಬೇಡ ಅನ್ನಿಸಿದರೆ ಅದನ್ನು ಹಾರಿಸಿ ಮುಂದೆ ಓದಿ. ಚಿಕಿತ್ಸೆಯ ವಿಷಯವನ್ನು ಮಾತ್ರ ನಿಮ್ಮ ನೆಫ್ರಾಲಜಿಸ್ಟ್ ಅಂದರೆ ಕಿಡ್ನಿ ಡಾಕ್ಟರ್ ಹತ್ತಿರವೇ ಕೇಳಿ.

ಸೂಜಿಯಲ್ಲಿ ಎಷ್ಟು ತೆಗೆಯುತ್ತಾರೆ? ಕಿಡ್ನಿಗೆ ಏನೂ ಆಗಲ್ವಾ?

ಬರುವುದು ಶ್ಯಾವಿಗೆ ಎಳೆಯಂಥ ಒಂದು ಚೂರು. ಉದ್ದ ಒಂದರಿಂದ ಎರಡು ಸೆಂಟಿಮೀಟರ್, ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು. ಲ್ಯಾಬ್‌ನಲ್ಲಿ ಇದಕ್ಕೆ ಕೋರ್ ಅನ್ನುತ್ತೇವೆ. ಸಾಮಾನ್ಯವಾಗಿ 16 ಅಥವಾ 18 ಗೇಜ್ ಸೂಜಿಯಲ್ಲಿ, ಅಲ್ಟ್ರಾಸೌಂಡ್ ನೋಡುತ್ತಾ ಎರಡು ಕೋರ್ ತೆಗೆಯುತ್ತಾರೆ. ರಕ್ತ ಹೋಗುವ ಅಪಾಯ ಸ್ವಲ್ಪ ಇದ್ದೇ ಇದೆ. ಅದಕ್ಕೇ ಮುಂಚೆ ಬಿಪಿ, ರಕ್ತ ಹೆಪ್ಪುಗಟ್ಟುವ ಟೆಸ್ಟ್ ಎಲ್ಲ ನೋಡುತ್ತಾರೆ. ಆಮೇಲೆ ಗಂಟೆಗಟ್ಟಲೆ ಅಲ್ಲಾಡದೆ ಮಲಗಿಸುತ್ತಾರೆ.

ಒಂದು ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಉಂಡೆಗಳು ಸುಮಾರು 10 ಲಕ್ಷ ಇರುತ್ತವೆ. ಇವೇ ಗ್ಲೊಮೆರುಲಸ್‌ಗಳು. ಒಂದೊಂದೂ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಅಗಲ. ಕೋರ್‌ನಲ್ಲಿ ಸಿಗುವುದು ಹತ್ತೋ ಇಪ್ಪತ್ತೋ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಹೇಳುವ ಎಲ್ಲ ಒದ್ದಾಟವೂ ಆ ಹತ್ತಿಪ್ಪತ್ತನ್ನು ಹಾಳು ಮಾಡದೆ ಉಳಿಸಿಕೊಳ್ಳುವುದಕ್ಕೇ.

ಮೊದಲಿಂದಲೂ ಹೀಗೇ ತೆಗೀತಿದ್ರಾ?

ಇಲ್ಲ. 1951ರಲ್ಲಿ ಕೋಪನ್‌ಹೇಗನ್‌ನ ಈವರ್ಸನ್ ಮತ್ತು ಬ್ರುನ್ ರೋಗಿಯನ್ನು ಕೂರಿಸಿ ಸೂಜಿ ಹಾಕಿದರು. 1954ರಲ್ಲಿ ಶಿಕಾಗೋದ ಕಾರ್ಕ್ ಮತ್ತು ಮ್ಯೂರ್ಕಿ ಬೋರಲಾಗಿ ಮಲಗಿಸಿ ತೆಗೆಯುವ ಕ್ರಮ ಹೇಳಿಕೊಟ್ಟರು. ಇವತ್ತಿಗೂ ಹೆಚ್ಚಿನ ಕಡೆ ಬೋರಲು ಮಲಗಿಸಿಯೇ ತೆಗೆಯುತ್ತಾರೆ.

ಬಣ್ಣ ಹಾಕದೆ ನೋಡಿದರೆ ಕಾಣಲ್ವಾ?

ಕಾಣುವುದಿಲ್ಲ. ಕಿಡ್ನಿಯ ಸೆಕ್ಷನ್ ಅನ್ನು, ಅಂದರೆ ಸ್ಲೈಡ್ ಮೇಲೆ ಇಡುವ ತೆಳು ಪದರವನ್ನು, 2ರಿಂದ 3 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತೇವೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್. ಈರುಳ್ಳಿ ಸಿಪ್ಪೆಯ ಒಳಗಿನ ಪೊರೆ ಕೂಡ ಇದರ ಮುಂದೆ ಕಂಬಳಿ. ಅಷ್ಟು ತೆಳ್ಳಗಿದ್ದರೆ ಬೆಳಕು ನೇರ ಹಾದುಹೋಗುತ್ತದೆ, ಗಾಜಿನ ಮೇಲೆ ಏನೋ ಒರೆಸಿದ ಹಾಗೆ ಕಾಣುತ್ತದೆ ಅಷ್ಟೇ. ಬೇರೆ ಅಂಗಗಳಿಗೆ 4–5 ಮೈಕ್ರಾನ್ ನಡೆಯುತ್ತದೆ. ಕಿಡ್ನಿಗೆ ನಡೆಯುವುದಿಲ್ಲ. ದಪ್ಪ ಸೆಕ್ಷನ್‌ನಲ್ಲಿ ಗ್ಲೊಮೆರುಲಸ್‌ನ ಜೀವಕೋಶಗಳು ಒಂದರ ಮೇಲೊಂದು ಬಿದ್ದು, ಇಲ್ಲದ ಗುಂಪು ಇದ್ದ ಹಾಗೆ ಕಾಣುತ್ತದೆ.

ಒಂದು ಬಣ್ಣ ಹಾಕಿದರೆ ಸಾಲದಾ? ಬಿಲ್ ಜಾಸ್ತಿ ಮಾಡೋಕೆ ಇಷ್ಟು ಸ್ಟೇನ್ ಮಾಡ್ತೀರಾ?

ಈ ಪ್ರಶ್ನೆ ನನ್ನನ್ನು ನೇರವಾಗಿಯೇ ಕೇಳಿದ್ದಾರೆ, ಬೇಜಾರಿಲ್ಲ. ಉತ್ತರ ಒಂದು ಉದಾಹರಣೆಯಲ್ಲಿದೆ.

ಐವತ್ತೈದು ದಾಟಿದ ಒಬ್ಬರು, ಕಾಲು ಊದಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂದುಕೊಳ್ಳಿ. ಬಯಾಪ್ಸಿ ಆಯಿತು. ಎಚ್ ಅಂಡ್ ಇ ಅನ್ನುವ ಮಾಮೂಲಿ ಬಣ್ಣ ಹಾಕಿ ನೋಡಿದರೆ ಗ್ಲೊಮೆರುಲಸ್ ಒಳಗೆ ಗುಲಾಬಿ ಬಣ್ಣದ ಗಂಟುಗಳು. ಈಗ ಇದು ಏನು? ಸಕ್ಕರೆ ಕಾಯಿಲೆಯಿಂದ ಆದದ್ದಿರಬಹುದು. ಅಮೈಲಾಯ್ಡ್ ಇರಬಹುದು, ಅಂದರೆ ತಪ್ಪಾಗಿ ಮಡಚಿಕೊಂಡ ಪ್ರೋಟೀನ್ ಬಂದು ಕೂರುವ ಕಾಯಿಲೆ. ಅಥವಾ ಮೂಳೆಮಜ್ಜೆಯ ಕೆಟ್ಟ ಕೋಶಗಳು ಮಾಡುವ ಲೈಟ್ ಚೈನ್ ಅನ್ನುವ ಪ್ರೋಟೀನ್ ಬಂದು ಕೂತಿರಬಹುದು. ಗುಲಾಬಿ ಬಣ್ಣದಲ್ಲಿ ಮೂರೂ ಅಣ್ಣತಮ್ಮಂದಿರ ಥರ. ಚಿಕಿತ್ಸೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಈಗ ಪಿಎಎಸ್ (ಪಿರಿಯಾಡಿಕ್ ಆಸಿಡ್–ಶಿಫ್) ಅನ್ನುವ ಬಣ್ಣ ಹಾಕಿ. ಸಕ್ಕರೆ ಕಾಯಿಲೆಯ ಗಂಟು ಗಾಢ ಕೆನ್ನೇರಳೆ ಆಗುತ್ತದೆ. ಲೈಟ್ ಚೈನ್ ಗಂಟು ಕೂಡ ಬಣ್ಣ ಹಿಡಿಯುತ್ತದೆ. ಅಮೈಲಾಯ್ಡ್ ಪೇಲವವಾಗಿ ಉಳಿಯುತ್ತದೆ. ಸಿಲ್ವರ್ ಹಾಕಿ. ಸಕ್ಕರೆ ಕಾಯಿಲೆಯ ಗಂಟು ಕಪ್ಪು ಹಿಡಿಯುತ್ತದೆ. ಉಳಿದ ಎರಡೂ ಸರಿಯಾಗಿ ಹಿಡಿಯುವುದಿಲ್ಲ. ಕಾಂಗೋ ರೆಡ್ ಹಾಕಿ. ಅಮೈಲಾಯ್ಡ್ ಒಂದೇ ಒಪ್ಪಿಕೊಳ್ಳುತ್ತದೆ. ಕೊನೆಗೆ ಫ್ಲೋರೆಸೆನ್ಸ್‌ನಲ್ಲಿ (ಹೊಳೆಯುವ ಬಣ್ಣದ ಪರೀಕ್ಷೆ, ಮುಂದೆ ಹೇಳುತ್ತೇನೆ) ಲೈಟ್ ಚೈನ್‌ನ ಎರಡು ಜಾತಿಗಳಾದ ಕಪ್ಪಾ, ಲ್ಯಾಂಬ್ಡಾ ನೋಡಿದರೆ ಲೈಟ್ ಚೈನ್ ಸಿಕ್ಕಿಬೀಳುತ್ತದೆ.

ಒಂದು ಬಣ್ಣ ಅಂದರೆ ಒಂದು ಪ್ರಶ್ನೆ. ಅದಕ್ಕೆ ಹೌದು, ಇಲ್ಲ, ಸ್ವಲ್ಪ ಅನ್ನುವುದಷ್ಟೇ ಗೊತ್ತು. ಕಾಯಿಲೆಯ ಹೆಸರು ಯಾವ ಬಣ್ಣಕ್ಕೂ ಗೊತ್ತಿಲ್ಲ. ನಾಲ್ಕೈದು ಉತ್ತರ ಜೋಡಿಸಿ, ನಿಮ್ಮ ರಕ್ತ ಮೂತ್ರದ ರಿಪೋರ್ಟ್ ಪಕ್ಕದಲ್ಲಿಟ್ಟು ಹೆಸರು ಕೊಡುವವರು ಡಾಕ್ಟರ್.

ಎಚ್ ಅಂಡ್ ಇ ಅಂದರೆ ಏನು?

ಹೆಮಟಾಕ್ಸಿಲಿನ್ ಮತ್ತು ಇಯೋಸಿನ್. ಮೊದಲನೆಯದು ಕೋಶದ ನ್ಯೂಕ್ಲಿಯಸ್‌ಗೆ ನೀಲಿ ಕೊಡುತ್ತದೆ, ಎರಡನೆಯದು ಉಳಿದದ್ದಕ್ಕೆಲ್ಲ ಗುಲಾಬಿ. ಊರಿನ ಮ್ಯಾಪ್ ಇದ್ದ ಹಾಗೆ. ಉರಿಯೂತ ಎಲ್ಲಿದೆ, ಕೊಳವೆಗಳು ಸತ್ತಿವೆಯಾ, ರಕ್ತನಾಳ ಹೇಗಿದೆ, ಒಟ್ಟು ಅಂದಾಜು ಸಿಗುತ್ತದೆ.

ಹೆಮಟಾಕ್ಸಿಲಿನ್ ಕಥೆ ನನಗೆ ತುಂಬಾ ಇಷ್ಟ. ಇದು ಫ್ಯಾಕ್ಟರಿ ಬಣ್ಣ ಅಲ್ಲ, ಮರದ ಬಣ್ಣ. ಮೆಕ್ಸಿಕೋದ ಕಂಪೇಚೆ ಕಡೆಯ ಲಾಗ್‌ವುಡ್ ಮರದ ಕಾಂಡದಿಂದ ಬರುತ್ತದೆ. ಕೇರಳದ ಹೋಟೆಲುಗಳಲ್ಲಿ ಕುಡಿಯಲು ತಿಳಿಗೆಂಪು ನೀರು ಕೊಡುತ್ತಾರಲ್ಲ, ಅದು ಸಪ್ಪಂಗ ಮರದ ಚಕ್ಕೆ ಕುದಿಸಿದ ನೀರು. ಆ ಚಕ್ಕೆಯ ಬಣ್ಣ ಬ್ರೆಜಿಲಿನ್ ನಮ್ಮ ಹೆಮಟಾಕ್ಸಿಲಿನ್‌ಗೆ ಹತ್ತಿರದ ನೆಂಟ. ಬರೀ ಹೆಮಟಾಕ್ಸಿಲಿನ್ ಅಂಗಾಂಶಕ್ಕೆ ಅಂಟುವುದಿಲ್ಲ. ಪಟಿಕ ಬೇಕು. ಹೌದು, ಕ್ಷೌರದಂಗಡಿಯಲ್ಲಿ ಗಡ್ಡ ಬೋಳಿಸಿದ ಮೇಲೆ ತಿಕ್ಕುತ್ತಿದ್ದ ಅದೇ ಪಟಿಕದ ಜಾತಿ. ಬಟ್ಟೆಗೆ ಬಣ್ಣ ಹಾಕುವವರು ಬಣ್ಣ ಕೂರಲಿ ಅಂತ ಪಟಿಕ ಹಾಕುತ್ತಿದ್ದರು. ನಾವೂ ಅದನ್ನೇ ಮಾಡುತ್ತೇವೆ. 1865ರಲ್ಲಿ ಬ್ಯೋಮರ್ ಎಂಬಾತ ಈ ಜೋಡಿಯನ್ನು ಮೈಕ್ರೋಸ್ಕೋಪಿಗೆ ತಂದ.

ವಿದ್ಯಾರ್ಥಿಗಳಿಗೆ ಒಂದು ಮಾತು. ನ್ಯೂಕ್ಲಿಯಸ್ ನೀಲಿ ಆಗದೆ ಕೆಂಪು ಕೆಂಪಾಗಿ ಉಳಿಯಿತಾ? ಡಿಸ್ಟಿಲ್ಡ್ ನೀರಲ್ಲಿ ತೊಳೆದಿರುತ್ತೀರಿ. ನೀಲಿ ಆಗಲು ಸ್ವಲ್ಪ ಕ್ಷಾರ ಬೇಕು. ಗಡಸು ನಲ್ಲಿ ನೀರು ಕುಡಿಯೋಕೆ ಬೇಡವಾದರೂ ಇದಕ್ಕೆ ಬಲು ಒಳ್ಳೆಯದು.

ಪಿಎಎಸ್ ಸ್ಟೇನ್ ಯಾಕೆ ಎಲ್ಲ ರಿಪೋರ್ಟಲ್ಲೂ ಇರುತ್ತೆ?

ಕಿಡ್ನಿಯಲ್ಲಿ ಒಂದೇ ಬಣ್ಣ ಆರಿಸಿಕೋ ಅಂದರೆ ನಾನು ಪಿಎಎಸ್ ಆರಿಸಿಕೊಳ್ಳುತ್ತೇನೆ. ಬೇರೆಯವರು ಸಿಲ್ವರ್ ಅಂತಾರೆ. ಲ್ಯಾಬ್‌ನಲ್ಲಿ ಈ ಜಗಳ ಮುಗಿಯುವುದಿಲ್ಲ.

ಗ್ಲೊಮೆರುಲಸ್‌ನ ಪ್ರತಿ ರಕ್ತನಾಳದ ಸುತ್ತ ಒಂದು ತೆಳು ಪೊರೆ ಇದೆ. ಅದೇ ಬೇಸ್‌ಮೆಂಟ್ ಮೆಂಬ್ರೇನ್. ಮೂತ್ರದ ಕೊಳವೆಗಳ ಸುತ್ತಲೂ ಅಂಥದ್ದೇ ಇದೆ. ಈ ಪೊರೆಯಲ್ಲಿ ಸಕ್ಕರೆ ಅಂಶ ಸೇರಿದ ಪ್ರೋಟೀನ್‌ಗಳು ಜಾಸ್ತಿ. ಪಿರಿಯಾಡಿಕ್ ಆಸಿಡ್ ಆ ಸಕ್ಕರೆಯ ಕೊಂಡಿ ಬಿಡಿಸಿ ಆಲ್ಡಿಹೈಡ್ ಮಾಡುತ್ತದೆ. ಬಣ್ಣವಿಲ್ಲದ ಶಿಫ್ ದ್ರಾವಣ ಆಲ್ಡಿಹೈಡ್ ಸಿಕ್ಕಿದ ಕಡೆ ಕೆನ್ನೇರಳೆ ಆಗುತ್ತದೆ. ಶಿಫ್ ಈ ದ್ರಾವಣ ಕಂಡುಹಿಡಿದದ್ದು 1866ರಲ್ಲಿ. ಮೆಕ್‌ಮೇನಸ್ ಅದನ್ನು ಅಂಗಾಂಶಕ್ಕೆ ಈ ರೀತಿ ಬಳಸಿದ್ದು 1946ರಲ್ಲಿ.

ನೋಡಲು ಸೊಗಸು. ಶಿಫ್‌ನಿಂದ ತೆಗೆದಾಗ ಸ್ಲೈಡ್ ತಿಳಿಗುಲಾಬಿ. ಹರಿಯುವ ನೀರಿನ ಕೆಳಗೆ ಹತ್ತು ನಿಮಿಷ ಇಟ್ಟರೆ ಕಣ್ಣೆದುರೇ ಬಣ್ಣ ಏರುತ್ತದೆ. ಪೊರೆ ದಪ್ಪ ಆಗಿದೆಯಾ, ಕಿತ್ತುಹೋಗಿದೆಯಾ, ಕೊಳವೆಯ ಒಳಗಿನ ಕುಂಚದಂಥ ಅಂಚು ಉಳಿದಿದೆಯಾ, ಎಲ್ಲವೂ ಕಾಣುತ್ತದೆ.

ಶಿಫ್ ಬಾಟಲಿ ಫ್ರಿಜ್ಜಿನಲ್ಲಿ, ಕತ್ತಲಲ್ಲಿ ಇರಬೇಕು. ದ್ರಾವಣವೇ ಗುಲಾಬಿಗೆ ತಿರುಗಿದ್ದರೆ ಕೆಟ್ಟಿದೆ ಅಂತ ಅರ್ಥ. ಅನುಮಾನ ಇದ್ದರೆ ಸ್ವಲ್ಪ ಫಾರ್ಮಲಿನ್‌ಗೆ ಎರಡು ಹನಿ ಹಾಕಿ ನೋಡಿ. ತಕ್ಷಣ ಕೆನ್ನೇರಳೆ ಬಂದರೆ ಸರಿ. ನಿಧಾನಕ್ಕೆ ನೀಲಿ ನೀಲಿ ಬಂದರೆ ಸಿಂಕಿಗೆ.

ಸಿಲ್ವರ್ ಅಂದರೆ ನಿಜವಾದ ಬೆಳ್ಳಿನಾ?

ನಿಜವಾದ ಬೆಳ್ಳಿಯೇ. ಸಿಲ್ವರ್ ನೈಟ್ರೇಟ್ ಮತ್ತು ಹೆಕ್ಸಮೀನ್ ಬೆರೆಸಿದ ದ್ರಾವಣ. 1957ರಲ್ಲಿ ಜೋನ್ಸ್ ಎಂಬುವರು ಕಿಡ್ನಿಗಾಗಿ ಹೊಂದಿಸಿದ ವಿಧಾನ ಆದ್ದರಿಂದ ರಿಪೋರ್ಟಿನಲ್ಲಿ ಜೋನ್ಸ್ ಸಿಲ್ವರ್ ಅಂತಲೂ ಇರುತ್ತದೆ. ಇಲ್ಲೂ ಮೊದಲು ಪಿರಿಯಾಡಿಕ್ ಆಸಿಡ್. ಆಮೇಲೆ ಸುಮಾರು 60 ಡಿಗ್ರಿ ಬಿಸಿಯಲ್ಲಿ ಬೆಳ್ಳಿ ಆ ಪೊರೆಯ ಮೇಲೆ ಕಪ್ಪಾಗಿ ಕೂರುತ್ತದೆ. ಗೋಲ್ಡ್ ಕ್ಲೋರೈಡ್‌ನಲ್ಲಿ ಅದ್ದಿ, ಹೈಪೋದಲ್ಲಿ ತೊಳೆಯುತ್ತೇವೆ. ಹಳೇ ಸ್ಟುಡಿಯೋದಲ್ಲಿ ಕಪ್ಪು ಬಿಳುಪು ಫೋಟೋ ತೊಳೆಯುತ್ತಿದ್ದವರಿಗೆ ಈ ಹೈಪೋ ಪರಿಚಯ ಇರುತ್ತದೆ.

ಪಿಎಎಸ್‌ನಲ್ಲಿ ಪೊರೆ ಬಣ್ಣದ ಪಟ್ಟಿ. ಸಿಲ್ವರ್‌ನಲ್ಲಿ ಅದೇ ಪೊರೆ ಪೆನ್ನಿನಿಂದ ಎಳೆದ ಕಪ್ಪು ಗೆರೆ. ಮೆಂಬ್ರೇನಸ್ ನೆಫ್ರೋಪತಿ ಅನ್ನುವ ಕಾಯಿಲೆಯಲ್ಲಿ ಪೊರೆಯ ಹೊರಮೈಗೆ ಆಂಟಿಬಾಡಿ ಕಸ ಬಂದು ಕೂರುತ್ತದೆ. ಕಸ ಬೆಳ್ಳಿ ಹಿಡಿಯುವುದಿಲ್ಲ. ಕಸದ ನಡುವೆ ಬೆಳೆದ ಹೊಸ ಪೊರೆ ಹಿಡಿಯುತ್ತದೆ. ಹಾಗಾಗಿ ಗೆರೆಯ ಮೇಲೆ ಬಾಚಣಿಗೆ ಹಲ್ಲಿನಂತೆ ಕಪ್ಪು ಮುಳ್ಳುಗಳು ಏಳುತ್ತವೆ. ಇನ್ನು ಕೆಲವು ಕಾಯಿಲೆಗಳಲ್ಲಿ ಪೊರೆ ಸೀಳಿದಂತಾಗಿ ರೈಲು ಹಳಿಯ ಹಾಗೆ ಜೋಡಿ ಗೆರೆ. ಎಚ್ ಅಂಡ್ ಇ ಯಲ್ಲಿ ಇವು ಎರಡೂ ಬರೀ ದಪ್ಪ ಪೊರೆ.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವ ಸ್ಟೇನ್ ಇದೇ. ಗಾಜಿನ ಪಾತ್ರೆ ಆಸಿಡ್‌ನಲ್ಲಿ ತೊಳೆದಿರಬೇಕು. ಕಬ್ಬಿಣದ ಚಿಮುಟ ಮುಳುಗಿಸಿದರೆ ಬೆಳ್ಳಿ ಅಲ್ಲೇ ಇಳಿಯುತ್ತದೆ. ಸಮಯ ಇಷ್ಟೇ ಅಂತ ಪುಸ್ತಕ ನೋಡಿ ಮಾಡಿದರೆ ಕೆಟ್ಟಿತು. ಹೊಸದರಲ್ಲಿ ನಾನು ಸ್ಲೈಡ್ ಓವನ್‌ನಲ್ಲಿಟ್ಟು ಚಹಾಕ್ಕೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಎಲ್ಲ ಮಸಿ. ಮುಳ್ಳು ಇತ್ತೋ ಇಲ್ಲವೋ, ಕಾಣುವ ಹಾಗೇ ಇರಲಿಲ್ಲ. ಬ್ಲಾಕ್‌ನಲ್ಲಿ, ಅಂದರೆ ತುಣುಕನ್ನು ಹುದುಗಿಸಿಟ್ಟ ಮೇಣದಲ್ಲಿ, ಇನ್ನೂ ಅಂಗಾಂಶ ಉಳಿದಿತ್ತು, ಬಚಾವಾದೆ. ಅವತ್ತಿನಿಂದ ಎರಡೆರಡು ನಿಮಿಷಕ್ಕೆ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ.

ಟ್ರೈಕ್ರೋಮ್ ನೋಡಿ 'ಐಎಫ್‌ಟಿಎ 30%' ಅಂತ ಬರೆದಿದ್ದಾರೆ. ಕಿಡ್ನಿ 30 ಪರ್ಸೆಂಟ್ ಹೋಯ್ತು ಅಂತಲೇ?

ಹಾಗಲ್ಲ. ಬಯಾಪ್ಸಿಯಲ್ಲಿ ಸಿಕ್ಕ ಹೊರಪದರದಲ್ಲಿ ಅಷ್ಟು ಜಾಗದಲ್ಲಿ ಕೊಳವೆಗಳು ಸೊರಗಿ, ನಡುವೆ ನಾರು ತುಂಬಿದೆ ಅಂತ. ಗಾಯ ಮಾಗಿ ಕಲೆ ಉಳಿಯುತ್ತದಲ್ಲ, ಹಾಗೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತದ ಕ್ರಿಯೇಟಿನಿನ್ ಲೆಕ್ಕ ಬೇರೆ, ಇದು ಬೇರೆ. ಆದರೆ ಡಾಕ್ಟರ್ ಈ ಅಂಕಿಯನ್ನು ಬಹಳ ಗಮನಿಸುತ್ತಾರೆ. ಉರಿಯೂತಕ್ಕೆ ಔಷಧಿ ಇದೆ, ಕೂತ ಕಲೆಗೆ ಇಲ್ಲ.

ಟ್ರೈಕ್ರೋಮ್ ಅಂದರೆ ಮೂರು ಬಣ್ಣ. ಮ್ಯಾಸನ್ 1929ರಲ್ಲಿ ವಿವರಿಸಿದ ವಿಧಾನ. ನಾರು ನೀಲಿ ಅಥವಾ ಹಸಿರು, ಕೋಶಗಳ ಮೈ ಕೆಂಪು, ನ್ಯೂಕ್ಲಿಯಸ್ ಕಪ್ಪು. ಆರೋಗ್ಯವಾದ ಕಿಡ್ನಿಯಲ್ಲಿ ಕೊಳವೆಗಳು ಒತ್ತೊತ್ತಾಗಿ ಕೆಂಪಗೆ ಕಾಣುತ್ತವೆ. ಕಲೆ ಬಿದ್ದ ಕಡೆ ನೀಲಿ ಹರಡಿರುತ್ತದೆ. ಡಾಕ್ಟರ್ ಆ ನೀಲಿಯನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುತ್ತಾರೆ. ಹಾಗಾಗಿ 25 ಮತ್ತು 30ರ ನಡುವೆ ಯಾರೂ ಜಗಳ ಆಡಬೇಕಾಗಿಲ್ಲ.

ಕಾಂಗೋ ರೆಡ್ ಹೆಸರು ಎಲ್ಲಿಂದ ಬಂತು?

1880ರ ದಶಕದಲ್ಲಿ ಜರ್ಮನಿಯಲ್ಲಿ ಬ್ಯೋಟಿಗರ್ ಎಂಬ ಕೆಮಿಸ್ಟ್ ಹತ್ತಿ ಬಟ್ಟೆಗಾಗಿ ಮಾಡಿದ ಬಣ್ಣ. ಪಟಿಕದಂಥ ಯಾವ ನೆರವೂ ಬೇಡ, ನೇರವಾಗಿ ಹತ್ತಿಗೆ ಅಂಟುತ್ತಿತ್ತು. ಆಗ ಬರ್ಲಿನ್‌ನಲ್ಲಿ ಯುರೋಪಿನವರು ಆಫ್ರಿಕಾ ಹಂಚಿಕೊಳ್ಳುವ ಸಭೆ ನಡೆಸುತ್ತಿದ್ದರು. ಪೇಪರಿನಲ್ಲೆಲ್ಲ ಕಾಂಗೋ ಹೆಸರೇ. ಕಂಪನಿ ಆ ಹೆಸರನ್ನೇ ಬಣ್ಣಕ್ಕೆ ಅಂಟಿಸಿ ಮಾರಿತು. ಕಾಂಗೋ ದೇಶಕ್ಕೂ ಬಣ್ಣಕ್ಕೂ ಬೇರೆ ಸಂಬಂಧ ಇಲ್ಲ.

1922ರಲ್ಲಿ ಬೆನ್‌ಹೋಲ್ಡ್ ಇದು ಅಮೈಲಾಯ್ಡ್‌ಗೆ ಅಂಟುತ್ತದೆ ಅಂತ ಕಂಡರು. ಮಾಮೂಲಿ ಬೆಳಕಿನಲ್ಲಿ ಇಟ್ಟಿಗೆ ಕೆಂಪು. ಪೋಲರೈಸ್ಡ್ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಹಾಗೆ ಸೋಸಿದ ಬೆಳಕು) ಗಾಜು ತಿರುಗಿಸಿದರೆ ಎಳೇ ಸೇಬಿನ ಹಸಿರು ಮಿನುಗುತ್ತದೆ. ಈ ಹಸಿರು ಕಂಡರೆ ಮಾತ್ರ ಅಮೈಲಾಯ್ಡ್. ಬರೀ ಕೆಂಪು ಸಾಲದು, ಕೆಂಪು ಬೇರೆಯದಕ್ಕೂ ಅಂಟುತ್ತದೆ.

ಇಲ್ಲಿ ಲೆಕ್ಕ ಉಲ್ಟಾ. ಉಳಿದ ಸ್ಟೇನ್‌ಗೆ ತೆಳ್ಳಗೆ, ಕಾಂಗೋ ರೆಡ್‌ಗೆ ದಪ್ಪ, 8ರಿಂದ 10 ಮೈಕ್ರಾನ್. ತೆಳು ಸೆಕ್ಷನ್‌ನಲ್ಲಿ ಸ್ವಲ್ಪವೇ ಇರುವ ಅಮೈಲಾಯ್ಡ್ ತಪ್ಪಿಸಿಕೊಳ್ಳುತ್ತದೆ. ಪಕ್ಕದಲ್ಲಿ ಗೊತ್ತಿರುವ ಪಾಸಿಟಿವ್ ಸ್ಲೈಡ್ ಒಂದನ್ನು ಕಂಟ್ರೋಲ್ ಆಗಿ ಓಡಿಸಲೇಬೇಕು. ನಮ್ಮ ದೇಶದಲ್ಲಿ ಬಹುಕಾಲದ ಟಿಬಿಯಿಂದಲೂ ಅಮೈಲಾಯ್ಡ್ ಬರುತ್ತದೆ. ಹಾಗಾಗಿ ಪಾಸಿಟಿವ್ ಬಂದರೆ ಕೆಲಸ ಮುಗಿಯಲಿಲ್ಲ. ಯಾವ ಪ್ರೋಟೀನಿನ ಅಮೈಲಾಯ್ಡ್ ಅಂತ ಮತ್ತೆ ಹುಡುಕಬೇಕು.

ಸ್ಯಾಂಪಲ್ ಮೂರು ಬಾಟಲಿಯಲ್ಲಿ ಕೊಟ್ಟರು. ಒಂದೇ ಬಾಟಲಿ ಸಾಲದಾ?

ಸಾಲದು. ದಯವಿಟ್ಟು ಅದಲು ಬದಲು ಮಾಡಬೇಡಿ, ಒಂದರಿಂದ ಇನ್ನೊಂದಕ್ಕೆ ಸುರಿಯಬೇಡಿ. ನಾನು ಈ ಕೆಲಸದಲ್ಲಿ ಕಂಡ ದೊಡ್ಡ ದೊಡ್ಡ ನಷ್ಟ ಸ್ಟೇನಿಂಗ್ ಟೇಬಲ್ ಮೇಲೆ ಆದದ್ದಲ್ಲ, ಬಾಟಲಿಯಲ್ಲಿ ಆದದ್ದು.

ಫಾರ್ಮಲಿನ್ ಬಾಟಲಿಯ ತುಣುಕು ಮೇಲೆ ಹೇಳಿದ ಎಲ್ಲ ಬಣ್ಣಗಳಿಗೆ. ಅದು ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ. ಆಕಾರ ಉಳಿಯುತ್ತದೆ. ಆದರೆ ಆ ಹೆಣಿಗೆಯಲ್ಲಿ ಆಂಟಿಬಾಡಿ ಅಂಟಬೇಕಾದ ಜಾಗಗಳು ಮುಚ್ಚಿಹೋಗುತ್ತವೆ. ಅದಕ್ಕೇ ಫ್ಲೋರೆಸೆನ್ಸ್ ತುಣುಕಿಗೆ ಮಿಷೆಲ್ಸ್ ಮೀಡಿಯಂ ಅನ್ನುವ ಬೇರೆ ದ್ರಾವಣ. ಇದರಲ್ಲಿ ಫಿಕ್ಸ್ ಆಗುವುದಿಲ್ಲ, ಇದ್ದದ್ದು ಇದ್ದ ಹಾಗೆ ನಾಲ್ಕೈದು ದಿನ ತಡೆದುಕೊಳ್ಳುತ್ತದೆ. ಐಸ್ ಕೂಡ ಬೇಡ. ಅದಕ್ಕೇ ದೂರದ ಊರಿಂದ ಕೊರಿಯರ್‌ನಲ್ಲಿ ಬರಬಹುದು. ಮೂರನೆಯದು ಗ್ಲುಟರಾಲ್ಡಿಹೈಡ್, ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ. ಒಂದು ಮಿಲಿಮೀಟರಿನಷ್ಟು ಚೂರು ಸಾಕು.

ಒಮ್ಮೆ ಹೊರಗಿನಿಂದ ಬಂದ ಸ್ಯಾಂಪಲ್‌ನಲ್ಲಿ ಎರಡೂ ಕೋರ್ ಫಾರ್ಮಲಿನ್‌ನಲ್ಲೇ ಇದ್ದವು. ಮಿಷೆಲ್ಸ್ ಬಾಟಲಿ ಖಾಲಿ, ಸೀಲ್ ಕೂಡ ಒಡೆದಿರಲಿಲ್ಲ. ಯಾರೋ ಗಡಿಬಿಡಿಯಲ್ಲಿ ಹಾಕಿದ್ದರು. ಮೇಣದ ಬ್ಲಾಕ್‌ನಿಂದಲೇ ಸೆಕ್ಷನ್ ತೆಗೆದು, ಪ್ರೋನೇಸ್ ಅನ್ನುವ ಎನ್‌ಜೈಮ್‌ನಿಂದ ಹೆಣಿಗೆ ಸಡಿಲಿಸಿ ಫ್ಲೋರೆಸೆನ್ಸ್ ಮಾಡಿದೆವು. ಐಜಿಎ ಅನ್ನುವ ಆಂಟಿಬಾಡಿ ಚೆನ್ನಾಗಿಯೇ ಬಂತು. ಸಿ3 ಅನ್ನುವ ರೋಗನಿರೋಧಕ ಪ್ರೋಟೀನ್ ಮಂಕು. ಈ ದಾರಿ ಇದೆ ಅನ್ನುವುದು ಸಮಾಧಾನ, ಆದರೆ ಸರಿಯಾದ ಬಾಟಲಿಗೆ ಅದು ಸಮ ಅಲ್ಲ.

ಸೂಜಿ ಹಾಕುವ ರೂಮಿನಲ್ಲಿ ಇರುವವರಿಗೆ ಎರಡೇ ವಿನಂತಿ. ಒಣ ಗಾಜ್ ಬಟ್ಟೆಯ ಮೇಲೆ ಕೋರ್ ಇಡಬೇಡಿ, ನೀರು ಹೀರಿಬಿಡುತ್ತದೆ. ಫಾರ್ಮಲಿನ್ ಮುಟ್ಟಿದ ಚಿಮುಟವನ್ನು ಮಿಷೆಲ್ಸ್ ಬಾಟಲಿಗೆ ಹಾಕಬೇಡಿ. ಹಲ್ಲುಕಡ್ಡಿ ಸಾಕು.

ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಬಣ್ಣ ಹಾಕ್ತೀರಾ, ಬೆಳಕು ಹಾಕ್ತೀರಾ?

ಎರಡೂ ಅನ್ನಬಹುದು. ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿಯನ್ನು ಸೆಕ್ಷನ್ ಮೇಲೆ ಹಾಕುತ್ತೇವೆ. ತನ್ನ ಗುರಿ ಸಿಕ್ಕಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಸಿಗದಿದ್ದರೆ ತೊಳೆದು ಹೋಗುತ್ತದೆ. ಆಮೇಲೆ ಕತ್ತಲ ರೂಮಿನಲ್ಲಿ ನೀಲಿ ಬೆಳಕು ಬಿಟ್ಟರೆ ಕಚ್ಚಿಕೊಂಡ ಕಡೆ ಹಸಿರು ಹೊಳಪು. ಈ ಉಪಾಯ ಆಲ್ಬರ್ಟ್ ಕೂನ್ಸ್ ಅವರದ್ದು, 1941ರದ್ದು. ತುಣುಕನ್ನು ಹೆಪ್ಪುಗಟ್ಟಿಸಿ, ಸುಮಾರು ಮೈನಸ್ 20 ಡಿಗ್ರಿಯಲ್ಲಿ ಕ್ರಯೋಸ್ಟಾಟ್ ಮೆಷಿನ್‌ನಲ್ಲಿ ಕತ್ತರಿಸುತ್ತೇವೆ. ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ, ಕಪ್ಪಾ, ಲ್ಯಾಂಬ್ಡಾ, ಒಂದೊಂದಕ್ಕೆ ಒಂದೊಂದು ಸೆಕ್ಷನ್. ರಿಪೋರ್ಟಿನಲ್ಲಿ 1+, 2+, 3+ ಅಂತ ಇರುವುದು ಹೊಳಪಿನ ಜೋರು.

ಐಜಿಎ ನೆಫ್ರೋಪತಿ ಜಗತ್ತಿನಲ್ಲೇ ಹೆಚ್ಚು ಕಾಣುವ ಗ್ಲೊಮೆರುಲಸ್ ಕಾಯಿಲೆಗಳಲ್ಲಿ ಒಂದು. ಆದರೂ 1968ರವರೆಗೆ ಅದಕ್ಕೆ ಹೆಸರೇ ಇರಲಿಲ್ಲ. ಯಾಕೆಂದರೆ ಮಾಮೂಲಿ ಬಣ್ಣಗಳಲ್ಲಿ ಅದಕ್ಕೆ ತನ್ನದೇ ಮುಖ ಇಲ್ಲ. ಪ್ಯಾರಿಸ್‌ನ ಬೆರ್ಜೆ ಮತ್ತು ಹಿಂಗ್ಲೇ ಫ್ಲೋರೆಸೆನ್ಸ್‌ನಲ್ಲಿ ಐಜಿಎ ಹೊಳೆಯುವುದನ್ನು ಕಂಡ ಮೇಲೆಯೇ ಅದು ಬೇರೆ ಕಾಯಿಲೆ ಅಂತಾಯಿತು.

ಫ್ಲೋರೆಸೆನ್ಸ್ ನೆಗೆಟಿವ್ ಅಂದರೆ ಒಳ್ಳೇದೇ ಅಲ್ವಾ?

ಅಲ್ಲ! ಇದನ್ನು ಎಷ್ಟು ಜನ ತಪ್ಪು ತಿಳಿಯುತ್ತಾರೆ ಅಂದರೆ, ನಾನು ಬಿಡಿಸಿ ಹೇಳಲೇಬೇಕು.

ಕೆಲವರ ಕ್ರಿಯೇಟಿನಿನ್ ವಾರಗಳಲ್ಲೇ ಏರಿಬಿಡುತ್ತದೆ. ಬಯಾಪ್ಸಿಯಲ್ಲಿ ಗ್ಲೊಮೆರುಲಸ್ ಸುತ್ತ ಅರ್ಧಚಂದ್ರದಂತೆ ಕೋಶಗಳು ಒತ್ತಿಕೊಂಡಿರುತ್ತವೆ. ರಿಪೋರ್ಟಿನಲ್ಲಿ ಕ್ರೆಸೆಂಟ್ ಅಂತ ಬರೆಯುತ್ತಾರೆ. ಎಚ್ ಅಂಡ್ ಇ, ಪಿಎಎಸ್, ಸಿಲ್ವರ್ ಮೂರೂ ಸೇರಿ ಇಷ್ಟು ಹೇಳುತ್ತವೆ. ಯಾಕೆ ಅಂತ ಹೇಳುವುದು ಫ್ಲೋರೆಸೆನ್ಸ್. ಪೊರೆಯುದ್ದಕ್ಕೂ ರಿಬ್ಬನ್ ಎಳೆದಂತೆ ಐಜಿಜಿ ಹೊಳೆದರೆ ದೇಹ ತನ್ನ ಪೊರೆಯ ಮೇಲೇ ಆಂಟಿಬಾಡಿ ಮಾಡಿಕೊಂಡಿದೆ. ರವೆ ಚೆಲ್ಲಿದಂತೆ ಕಾಳು ಕಾಳಾಗಿ ಹೊಳೆದರೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಐಜಿಎ, ಸೋಂಕಿನ ನಂತರದ್ದು ಇತ್ಯಾದಿ. ಲೂಪಸ್‌ನಲ್ಲಿ ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯೂ ಐದೂ ಹೊಳೆಯುವುದುಂಟು. ಲ್ಯಾಬ್‌ನಲ್ಲಿ ಅದಕ್ಕೆ ಫುಲ್ ಹೌಸ್ ಅನ್ನುತ್ತೇವೆ, ಸಿನಿಮಾ ಥಿಯೇಟರ್ ಥರ. ಇನ್ನು ಏನೂ ಹೊಳೆಯದೆ ಕತ್ತಲೆಯೇ ಇದ್ದರೆ? ಅದು ಹೆಚ್ಚಾಗಿ ಎಎನ್‌ಸಿಎ ಅನ್ನುವ ಆಂಟಿಬಾಡಿ ಜೊತೆ ಬರುವ ರಕ್ತನಾಳದ ಉರಿಯೂತ. ಆ ನೆಗೆಟಿವ್ ಒಂದು ಗಟ್ಟಿ ಸುಳಿವು. ಈ ರಿಪೋರ್ಟಿಗೆ ದಿನಗಟ್ಟಲೆ ಕಾಯುವ ಹಾಗಿಲ್ಲ. ಅದಕ್ಕೇ ಫ್ಲೋರೆಸೆನ್ಸ್ ಓದಿದ ತಕ್ಷಣ ನಮ್ಮ ಡಾಕ್ಟರ್ ನೆಫ್ರಾಲಜಿಸ್ಟ್‌ಗೆ ಫೋನ್ ಮಾಡುತ್ತಾರೆ.

ಬಯಾಪ್ಸಿ ಆದ ಮೇಲೆ ಡಾಕ್ಟರ್ ಮುಖಕ್ಕೆ ಹಚ್ಚೋ ಕ್ರೀಮ್ ಬಗ್ಗೆ ಕೇಳಿದರು. ಏನಿದು?

ಸರಿಯಾಗೇ ಕೇಳಿದ್ದಾರೆ. ಮೆಂಬ್ರೇನಸ್ ನೆಫ್ರೋಪತಿಯಲ್ಲಿ ಆಂಟಿಬಾಡಿ ಯಾವುದರ ಮೇಲೆ ಕೂತಿದೆ ಅಂತ ಬಹಳ ಕಾಲ ಗೊತ್ತಿರಲಿಲ್ಲ. 2009ರಲ್ಲಿ ಪಿಎಲ್‌ಎ2ಆರ್ ಅನ್ನುವ ಗುರಿ ಸಿಕ್ಕಿತು. ಬೇರೆ ಕಾರಣ ಕಾಣದ ರೋಗಿಗಳಲ್ಲಿ ಸುಮಾರು 70%ಗೆ ಇದೇ. ಆಮೇಲೆ ನೆಲ್-1 ಅಂತ ಇನ್ನೊಂದು ಸಿಕ್ಕಿತು. ಈಗ ಬಯಾಪ್ಸಿಯ ಮೇಲೆ ಎರಡಕ್ಕೂ ಸ್ಟೇನ್ ಮಾಡುತ್ತಾರೆ.

ಕೇರಳದ ಮಲಪ್ಪುರಂ ಜಿಲ್ಲೆಯ ಡಾಕ್ಟರುಗಳು 2021ರಿಂದ 2023ರವರೆಗೆ ನೋಡಿದ 22 ಮೆಂಬ್ರೇನಸ್ ಕೇಸುಗಳಲ್ಲಿ 15 ನೆಲ್-1 ಪಾಸಿಟಿವ್ ಇದ್ದವು. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಅಂಥ ಕೆಲವು ಕ್ರೀಮ್‌ಗಳಲ್ಲಿ ಪಾದರಸ ಇರುತ್ತದೆ. ಪಾದರಸ ಸೇರಿದ ನಾಟಿ ಔಷಧಿಗಳಿಗೂ ನೆಲ್-1ಗೂ ಇಂಥದ್ದೇ ನಂಟು ಕಂಡಿದೆ. ಕ್ಯಾನ್ಸರ್ ಜೊತೆಗೂ ಇದು ಬರಬಹುದು, ಅದನ್ನೂ ನೋಡುತ್ತಾರೆ. ಹಾಗಾಗಿ ಕೇಳಿದರೆ ಮುಚ್ಚಿಡಬೇಡಿ. ಡಬ್ಬಿ ಇದ್ದರೆ ತಗೊಂಡೇ ಹೋಗಿ.

ಎಲ್ಲ ಸ್ಟೇನ್ ನಾರ್ಮಲ್ ಬಂತು. ಆದರೂ ಮಗು ಊದಿಕೊಂಡಿದೆ. ಲ್ಯಾಬ್ ತಪ್ಪಾ?

ಹೆಚ್ಚಾಗಿ ತಪ್ಪಲ್ಲ. ಮಿನಿಮಲ್ ಚೇಂಜ್ ಕಾಯಿಲೆಯ ಗುಣವೇ ಅದು. ಎಚ್ ಅಂಡ್ ಇ, ಪಿಎಎಸ್, ಸಿಲ್ವರ್ ಎಲ್ಲದರಲ್ಲೂ ಗ್ಲೊಮೆರುಲಸ್ ಚೆನ್ನಾಗಿಯೇ ಕಾಣುತ್ತದೆ, ಫ್ಲೋರೆಸೆನ್ಸ್ ಕತ್ತಲೆ. ಪೊರೆಯ ಹೊರಗೆ ಬೆರಳು ಹೆಣೆದಂತೆ ಕೂತ ಕೋಶಗಳ ಪಾದಗಳು ಚಪ್ಪಟೆಯಾಗಿರುತ್ತವೆ. ಅದು ಕಾಣುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮಾತ್ರ. ಅಲ್ಲಿ ಬಣ್ಣವೂ ಇಲ್ಲ. ಆಸ್ಮಿಯಂ, ಯುರೇನಿಯಂ, ಸೀಸದಂಥ ಭಾರ ಲೋಹಗಳನ್ನು ಹಿಡಿಸುತ್ತಾರೆ. ಲೋಹ ಕೂತ ಕಡೆ ಕಪ್ಪು, ಉಳಿದದ್ದು ಬೂದು.

ಮಕ್ಕಳಲ್ಲಿ ಮೊದಲ ಸಲ ಊದಿದಾಗ ಸಾಮಾನ್ಯವಾಗಿ ಬಯಾಪ್ಸಿ ಮಾಡುವುದೇ ಇಲ್ಲ. ಸ್ಟೀರಾಯ್ಡ್ ಕೊಟ್ಟು ನೋಡುತ್ತಾರೆ, ಹೆಚ್ಚಿನ ಮಕ್ಕಳಿಗೆ ಇಳಿಯುತ್ತದೆ.

ಮನೆತನದಲ್ಲಿ ಬರುವ ಆಲ್ಪೋರ್ಟ್ ಕಾಯಿಲೆಗೂ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಹಳ ಮುಖ್ಯ. ಅದರಲ್ಲಿ ಪೊರೆ ಬುಟ್ಟಿ ಹೆಣೆದಂತೆ ಸೀಳು ಸೀಳಾಗಿರುತ್ತದೆ. ಈ ಮೆಷಿನ್ ಎಲ್ಲ ಊರಲ್ಲೂ ಇಲ್ಲ, ರಿಪೋರ್ಟ್ ತಡವಾಗುತ್ತದೆ.

'ಸ್ಯಾಂಪಲ್ ಸಾಲದು' ಅಂತ ಬರೆದರೆ ಯಾರ ತಪ್ಪು?

ಎಷ್ಟೋ ಸಲ ಯಾರದ್ದೂ ಅಲ್ಲ. ಸೂಜಿ ಸ್ವಲ್ಪ ಆಳ ಹೋದರೆ ಕಿಡ್ನಿಯ ಒಳಪದರ ಬರುತ್ತದೆ, ಅಲ್ಲಿ ಗ್ಲೊಮೆರುಲಸ್ ಇರುವುದಿಲ್ಲ. ಲೂಪಸ್‌ಗೆ ಕನಿಷ್ಠ 10 ಗ್ಲೊಮೆರುಲಸ್, ಐಜಿಎ ಕಾಯಿಲೆ ಎಷ್ಟು ಹಾನಿ ಮಾಡಿದೆ ಅಂತ ಅಳೆಯುವ ಆಕ್ಸ್‌ಫರ್ಡ್ ಅಂಕಗಳಿಗೆ 8, ಕಸಿ ಮಾಡಿದ ಕಿಡ್ನಿಗೆ 10 ಗ್ಲೊಮೆರುಲಸ್ ಜೊತೆ 2 ರಕ್ತನಾಳ ಇರಬೇಕು ಅಂತ ಲೆಕ್ಕ. ಆದರೆ ಅಮೈಲಾಯ್ಡ್, ಮೆಂಬ್ರೇನಸ್‌ನಂಥ ಕಾಯಿಲೆ ಎಲ್ಲ ಉಂಡೆಗಳಲ್ಲೂ ಇರುತ್ತವೆ, ಒಂದೇ ಸಿಕ್ಕರೂ ಹೇಳಬಹುದು. ಅಲ್ಲೊಂದು ಇಲ್ಲೊಂದು ಉಂಡೆ ಹಾಳಾಗುವ ಕಾಯಿಲೆಯಲ್ಲಿ ಮಾತ್ರ ನಾಲ್ಕು ನೋಡಿ ಇಲ್ಲ ಅನ್ನಲಾಗುವುದಿಲ್ಲ.

ನಮ್ಮ ಕಡೆಯಿಂದ ಮಾಡಬಹುದಾದದ್ದು ಒಂದೇ. ಬ್ಲಾಕ್ ಕತ್ತರಿಸುವಾಗ ಒಂದು ಎಳೆಯೂ ಸುಮ್ನೆ ಎಸೆಯದೆ ಸಾಲಾಗಿ ಸ್ಲೈಡ್ ಮೇಲೆ ತೆಗೆದಿಡುವುದು. ನಡುವೆ ಕೆಲವನ್ನು ಬಣ್ಣ ಹಾಕದೆ ಉಳಿಸುವುದು. ಆಮೇಲೆ ಕಾಂಗೋ ರೆಡ್ ಬೇಕು, ವೈರಸ್ ಹುಡುಕುವ ಎಸ್‌ವಿ40 ಬೇಕು ಅಂತ ಫೋನ್ ಬಂದೇ ಬರುತ್ತದೆ. ಆಗ ಬ್ಲಾಕ್ ಖಾಲಿ ಅನ್ನುವ ಹಾಗಾಗಬಾರದು.

ಕಸಿ ಮಾಡಿದ ಕಿಡ್ನಿಗೆ ಬೇರೆ ಬಣ್ಣ ಇದೆಯಾ?

ಬಣ್ಣಗಳು ಇವೇ. ಜೊತೆಗೆ ಎರಡು ಸೇರುತ್ತವೆ. ಸಿ4ಡಿ, ಆಂಟಿಬಾಡಿಯಿಂದ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯಾ ಅಂತ ನೋಡಲು. ಎಸ್‌ವಿ40, ಬಿಕೆ ವೈರಸ್ ಹೊಕ್ಕಿದೆಯಾ ಅಂತ ನೋಡಲು. ಮೊದಲನೆಯದಕ್ಕೆ ಇಮ್ಯುನಿಟಿ ತಗ್ಗಿಸುವ ಔಷಧಿ ಹೆಚ್ಚಿಸಬೇಕು, ಎರಡನೆಯದಕ್ಕೆ ಕಡಿಮೆ ಮಾಡಬೇಕು. ಹಾಗಾಗಿ ತಪ್ಪಾದರೆ ತುಟ್ಟಿ.

ಕ್ರಿಸ್ಟಲ್, ಕಲ್ಲು ಕಾಣುತ್ತಾ?

ಆಕ್ಸಲೇಟ್ ಹರಳು ಕಾಣಲು ಬಣ್ಣವೇ ಬೇಡ. ಎಚ್ ಅಂಡ್ ಇ ಸ್ಲೈಡನ್ನೇ ಪೋಲರೈಸ್ಡ್ ಬೆಳಕಿನಲ್ಲಿ ಇಟ್ಟರೆ ಗಾಜಿನ ಚೂರಿನಂತೆ ಹೊಳೆಯುತ್ತದೆ. ಕ್ಯಾಲ್ಸಿಯಂ ಫಾಸ್ಫೇಟ್ ಹೊಳೆಯುವುದಿಲ್ಲ, ಅದಕ್ಕೆ ಫಾನ್ ಕೊಸ್ಸಾ ಅನ್ನುವ ಬೆಳ್ಳಿ ಸ್ಟೇನ್. ಯೂರಿಕ್ ಆಸಿಡ್ ಹರಳು ಮೋಸಗಾರ, ಫಾರ್ಮಲಿನ್‌ನ ನೀರಿನಲ್ಲಿ ಕರಗಿಹೋಗುತ್ತದೆ. ಅನುಮಾನ ಇದ್ದರೆ ಡಾಕ್ಟರ್ ಮುಂಚೆಯೇ ಹೇಳಬೇಕು, ಆಲ್ಕೋಹಾಲ್‌ನಲ್ಲಿ ಇಡುತ್ತೇವೆ.

ಮುಂದೆ ಇದೆಲ್ಲ ಕಂಪ್ಯೂಟರೇ ಮಾಡುತ್ತಂತೆ?

ಒಂದಷ್ಟು ಮಾಡುತ್ತಿದೆ. ಬಣ್ಣ ಹಾಕದ ಸೆಕ್ಷನ್‌ನ ಫೋಟೋ ತೆಗೆದು, ಕಂಪ್ಯೂಟರ್‌ನಲ್ಲೇ ಎಚ್ ಅಂಡ್ ಇ, ಜೋನ್ಸ್ ಸಿಲ್ವರ್ ಥರ ತೋರಿಸುವ ಪ್ರಯೋಗವನ್ನು ಅಮೆರಿಕದ ಯುಸಿಎಲ್‌ಎ ತಂಡ 2019ರಲ್ಲಿ ಪ್ರಕಟಿಸಿತು. ನನಗೆ ಖುಷಿಯೇ, ಒಂದೇ ಎಳೆಯಲ್ಲಿ ನಾಲ್ಕು ಸ್ಟೇನ್ ಸಿಕ್ಕರೆ ಅಂಗಾಂಶ ಉಳಿಯುತ್ತದೆ. ಆದರೆ ಸೆಕ್ಷನ್ ಸುಕ್ಕಾಗಿದ್ದರೆ ಕಂಪ್ಯೂಟರಿಗೂ ಸುಕ್ಕೇ ಕಾಣುವುದು. ಅದನ್ನು ನೀರಿನ ಮೇಲೆ ಬಿಡಿಸಿ ಗಾಜಿಗೆ ಎತ್ತುವ ಕೈ ಸದ್ಯಕ್ಕಂತೂ ಬೇಕು.

ಬೇರೆ ಡಾಕ್ಟರ್ ಹತ್ತಿರ ತೋರಿಸಬೇಕು. ಲ್ಯಾಬ್‌ನಿಂದ ಏನು ಕೇಳಬೇಕು?

ಬ್ಲಾಕ್ ಮತ್ತು ಎಲ್ಲ ಸ್ಟೇನ್‌ಗಳ ಸ್ಲೈಡ್ ಕೇಳಿ. ಬರೀ ಎಚ್ ಅಂಡ್ ಇ ಒಂದನ್ನು ತಗೊಂಡು ಹೋಗಬೇಡಿ. ಫ್ಲೋರೆಸೆನ್ಸ್ ಸ್ಲೈಡ್ ಕೇಳಿ ಪ್ರಯೋಜನ ಇಲ್ಲ, ಅದರ ಹೊಳಪು ದಿನ ಕಳೆದಂತೆ ಆರಿಹೋಗುತ್ತದೆ. ಅದರ ಫೋಟೋ ಪ್ರಿಂಟ್ ಅಥವಾ ಫೈಲ್ ಕೇಳಿ. ರಿಪೋರ್ಟಿನ ಮೇಲಿನ ನಂಬರ್, ಬ್ಲಾಕ್ ಮೇಲಿನ ನಂಬರ್ ಒಂದೇನಾ ಅಂತ ಅಲ್ಲೇ ನೋಡಿಕೊಳ್ಳಿ. ಸಹಿ ಹಾಕಿ ತಗೊಳ್ಳಿ, ವಾಪಸ್ ಕೊಡಿ. ಮುಂದೆ ಎಂದಾದರೂ ಮತ್ತೆ ಬೇಕಾಗುವುದು ನಿಮಗೇ.

ಇನ್ನೊಂದು. ಬ್ಲಾಕ್ ಅಂದರೆ ಮೇಣ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಊಟಕ್ಕೆ ಹೋಗಬೇಡಿ.